ಕಡತಗಳು ನುಡಿದ ಸಾಕ್ಷ್ಯ: ಸ್ಪೇನಿನ ಗಡಿನಾಡೊಂದರ ಚರಿತ್ರೆ

ಅಧಿಕಾರವು ತಾನು ಮಾಡಿದುದನ್ನು ಬರೆದಿಡಲು ಬಯಸುತ್ತದೆ. ಬರೆದಿಟ್ಟುದು ಕ್ರಮಬದ್ಧವಾಗಿದ್ದರೆ ಮಾಡಿದುದೂ ನ್ಯಾಯವೇ ಆಗಿರಬೇಕೆಂಬ ಭಾವನೆ ಆಳುವವರ ಮನಸ್ಸಿನಲ್ಲಿ ಸುಲಭವಾಗಿ ಬೇರೂರುತ್ತದೆ. ಈ ಭಾವನೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಒರೆಗೆ ಹಚ್ಚಿ ನೋಡಲು ಅಮೆರಿಕ ಖಂಡದಲ್ಲಿ ಸ್ಪೇನ್ ದೇಶವು ನಡೆಸಿದ ಮೂರು ಶತಮಾನಗಳ ಆಳ್ವಿಕೆಯು ಬಹು ಯೋಗ್ಯವಾದ ಉದಾಹರಣೆಯಾಗಿದೆ. ಆ ಸಾಮ್ರಾಜ್ಯವು ಖಡ್ಗವನ್ನು ಎಷ್ಟು ನೆಚ್ಚಿತ್ತೋ ಕಾಗದವನ್ನೂ ಅಷ್ಟೇ ನೆಚ್ಚಿತ್ತು.

1503ರಲ್ಲಿ ಸೆವಿಲ್ ನಗರದಲ್ಲಿ ಅಮೆರಿಕದ ವ್ಯಾಪಾರವನ್ನು ನಿಯಂತ್ರಿಸುವ ವಾಣಿಜ್ಯಾಲಯವು ಸ್ಥಾಪಿತವಾಯಿತು. 1524ರಲ್ಲಿ ಅಲ್ಲಿನ ಸಮಸ್ತ ಆಡಳಿತವನ್ನು ನೋಡಿಕೊಳ್ಳುವ ‘ಇಂಡೀಸ್ ಮಂಡಲಿ’ಯು ರೂಪುಗೊಂಡಿತು. ನವ ಸ್ಪೇನ್ ಎನಿಸಿಕೊಂಡ ಮೆಕ್ಸಿಕೊ ಪ್ರಾಂತಕ್ಕೆ 1535ರಲ್ಲಿ ಮೊದಲ ವೈಸರಾಯ್ ಬಂದನು. ಯಾವ ಮಹತ್ತ್ವದ ಕಾರ್ಯ ನಡೆಯಬೇಕಾದರೂ ಅದಕ್ಕೆ ನೋಟರಿಯ ಸಹಿ ಮತ್ತು ಸಾಕ್ಷಿಗಳ ಹೆಸರು ಬೇಕಾಗಿದ್ದವು. ಅಧಿಕಾರಾವಧಿ ಮುಗಿದ ರಾಜ್ಯಪಾಲನ ನಡತೆಯನ್ನು ಬಹಿರಂಗವಾಗಿ ವಿಚಾರಣೆಗೆ ಒಳಪಡಿಸುವ ಪದ್ಧತಿಯೂ ಇದ್ದಿತು. ಹೀಗೆ ಬೆಳೆದ ಕಾಗದಪತ್ರಗಳ ರಾಶಿಯನ್ನು ಒಂದೆಡೆ ಸೇರಿಸಲು ಮೂರನೆಯ ಚಾರ್ಲ್ಸ್ ದೊರೆಯು 1785ರಲ್ಲಿ ಸೆವಿಲ್ ನಗರದ ಹಳೆಯ ವರ್ತಕರ ಭವನದಲ್ಲಿ ಪತ್ರಾಗಾರವನ್ನು ತೆರೆದನು. ಇಂದಿಗೂ ಅಲ್ಲಿ ನಲವತ್ತು ಸಾವಿರಕ್ಕೂ ಮೀರಿದ ಕಡತಗಳ ಕಟ್ಟುಗಳಿವೆ. ಆಳಿದವರು ತಮ್ಮ ಸಮರ್ಥನೆಗಾಗಿ ಬರೆಸಿದ ಈ ಕಡತಗಳು ಕಾಲಾಂತರದಲ್ಲಿ ಯಾರ ಪರವಾಗಿ ಸಾಕ್ಷ್ಯ ನುಡಿದವು ಎಂಬುದೇ ಇಲ್ಲಿನ ವಿಚಾರ.

ಶಾಸನದ ಮಾತು

ಸ್ಪೇನಿನ ಆಳ್ವಿಕೆಯಲ್ಲಿ ಆತ್ಮಸಾಕ್ಷಿಯ ದನಿ ಇರಲೇ ಇಲ್ಲವೆಂದು ಹೇಳುವಂತಿಲ್ಲ. 1511ರ ಡಿಸೆಂಬರ್ 21ರಂದು ಹಿಸ್ಪಾನಿಯೋಲಾ ದ್ವೀಪದ ಚರ್ಚಿನಲ್ಲಿ ಆಂತೋನಿಯೊ ದೆ ಮೊಂತೆಸಿನೊಸ್ ಎಂಬ ಡೊಮಿನಿಕನ್ ಸಂನ್ಯಾಸಿಯು ತನ್ನ ಮುಂದೆ ಕುಳಿತಿದ್ದ ವಸಾಹತುಗಾರರನ್ನೇ ಪ್ರಶ್ನಿಸಿದನು. ಯಾವ ಹಕ್ಕಿನಿಂದ ಈ ಜನರನ್ನು ದಾಸ್ಯದಲ್ಲಿಟ್ಟಿರುವಿರಿ, ಇವರು ಮನುಷ್ಯರಲ್ಲವೇ ಎಂಬುದು ಅವನ ಪ್ರಶ್ನೆಯ ಸಾರ. ಈ ಪ್ರಶ್ನೆಯ ಬಿಸಿ ಅರಮನೆಗೂ ತಟ್ಟಿತು. 1512ರಲ್ಲಿ ಬುರ್ಗೋಸ್ ನಗರದಲ್ಲಿ ಮೂಲನಿವಾಸಿಗಳ ದುಡಿಮೆಯನ್ನು ಕುರಿತು ಕಾನೂನುಗಳು ರಚಿತವಾದವು.

ಆದರೆ ಪ್ರಶ್ನೆಗೆ ದೊರೆತ ಮತ್ತೊಂದು ಉತ್ತರ ವಿಚಿತ್ರವಾದುದು. 1513ರ ಹೊತ್ತಿಗೆ ಪಾಲಾಸಿಯೊಸ್ ರುಬಿಯೊಸ್ ಎಂಬ ನ್ಯಾಯಶಾಸ್ತ್ರಜ್ಞನು ‘ರೆಕೆರಿಮಿಯೆಂತೊ’ ಎಂಬ ಎಚ್ಚರಿಕೆಯ ಪತ್ರವನ್ನು ಸಿದ್ಧಪಡಿಸಿದನು. ಯುದ್ಧಕ್ಕೆ ಮೊದಲು ಸೇನಾನಾಯಕನು ಅದನ್ನು ಮೂಲನಿವಾಸಿಗಳಿಗೆ ಓದಿ ಹೇಳಬೇಕಾಗಿತ್ತು. ಈ ನೆಲವನ್ನು ಪೋಪ್ ಗುರುವು ಸ್ಪೇನಿನ ದೊರೆಗಳಿಗೆ ದಾನ ಮಾಡಿರುವನೆಂದೂ, ಒಪ್ಪಿ ಶರಣಾದರೆ ಕ್ಷೇಮವೆಂದೂ, ಒಪ್ಪದಿದ್ದರೆ ಯುದ್ಧ ಮಾಡಿ ಹೆಂಡಿರು ಮಕ್ಕಳನ್ನು ದಾಸರನ್ನಾಗಿ ಮಾಡಲಾಗುವುದೆಂದೂ, ಅದರಿಂದಾಗುವ ಸಾವುನೋವುಗಳ ಹೊಣೆ ಕೇಳಿದವರದೇ ಹೊರತು ದೊರೆಯದಾಗಲಿ ಸೈನಿಕರದಾಗಲಿ ಅಲ್ಲವೆಂದೂ ಅದು ಸಾರುತ್ತಿತ್ತು. ಓದಿದುದಕ್ಕೆ ನೋಟರಿಯ ದೃಢೀಕರಣವಿರುತ್ತಿತ್ತು. ಕೇಳುವವರಿಗೆ ಆ ಭಾಷೆ ತಿಳಿಯದಿದ್ದರೂ ದೃಢೀಕರಣಕ್ಕೆ ಕೊರತೆಯಾಗುತ್ತಿರಲಿಲ್ಲ. ಈ ಪತ್ರವನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಬರೆದಿದ್ದಾನೆ. ಪಾಪವು ಸಂಭವಿಸುವ ಮೊದಲೇ ಅದರ ಹೊಣೆಯನ್ನು ಪರರಿಗೆ ವರ್ಗಾಯಿಸುವ ಪತ್ರವದು.

ಲಾಸ್ ಕಾಸಾಸ್ ಸ್ವತಃ ಒಂದು ಕಾಲಕ್ಕೆ ಮೂಲನಿವಾಸಿಗಳ ದುಡಿಮೆಯನ್ನು ಅನುಭವಿಸಿದವನು. ಅನಂತರ ಅದನ್ನು ತ್ಯಜಿಸಿ ಬಾಳಿನುದ್ದಕ್ಕೂ ಅವರ ಪರವಾಗಿ ವಾದಿಸಿದವನು. ಊರೂರಿನ ಮೂಲನಿವಾಸಿಗಳನ್ನು ಒಬ್ಬೊಬ್ಬ ವಸಾಹತುಗಾರನ ವಶಕ್ಕೆ ಒಪ್ಪಿಸಿ, ರಕ್ಷಣೆ ಮತ್ತು ಬೋಧನೆಯ ಹೆಸರಿನಲ್ಲಿ ಅವರಿಂದ ಕಾಣಿಕೆ ಮತ್ತು ದುಡಿಮೆಯನ್ನು ಪಡೆಯುವ ‘ಎಂಕೊಮಿಯೆಂದಾ’ ಪದ್ಧತಿಯನ್ನು ಕ್ರಮೇಣ ಕೊನೆಗಾಣಿಸಲು 1542ರಲ್ಲಿ ಹೊಸ ಕಾನೂನುಗಳು ಹೊರಬಿದ್ದವು. ಪೆರು ದೇಶದ ವಸಾಹತುಗಾರರು ದಂಗೆಯೆದ್ದರು. ಕಾನೂನನ್ನು ಜಾರಿಗೆ ತರಹೊರಟ ವೈಸರಾಯ್ 1546ರಲ್ಲಿ ಹತನಾದನು. ಅದಕ್ಕೆ ಮೊದಲೇ, 1545ರಲ್ಲಿ, ಆ ಪದ್ಧತಿಯ ಬುಡಕ್ಕೆ ಕೊಡಲಿಯಿಡುವಂತಿದ್ದ ವಿಧಿಯನ್ನು ದೊರೆ ಹಿಂತೆಗೆದುಕೊಂಡಿದ್ದನು.

1573ರ ಜುಲೈ 13ರಂದು ಎರಡನೆಯ ಫಿಲಿಪ್ ದೊರೆಯು ಹೊರಡಿಸಿದ ಆಜ್ಞಾವಳಿಯು ಗಡಿನಾಡುಗಳ ವಿಸ್ತರಣೆಗೆ ಮುಂದಿನ ಕಾಲದ ಆಧಾರವಾಯಿತು. 148 ವಿಧಿಗಳಲ್ಲಿ ಊರಿನ ಚೌಕ ಎಷ್ಟು ಉದ್ದಗಲವಿರಬೇಕು, ಬೀದಿಗಳು ಯಾವ ದಿಕ್ಕಿಗೆ ಸಾಗಬೇಕು ಎಂಬುದರವರೆಗೆ ಎಲ್ಲವೂ ಅದರಲ್ಲಿ ವಿಧಿಸಲ್ಪಟ್ಟಿತ್ತು. ಅದರ ಒಂದು ವಿಧಿ ವಿಶೇಷವಾಗಿ ಗಮನಾರ್ಹ. ಇನ್ನು ಮೇಲೆ ‘ವಿಜಯ’ ಎಂಬ ಪದವನ್ನು ಬಳಸಕೂಡದು, ‘ಶಾಂತಿಸ್ಥಾಪನೆ’ ಎನ್ನಬೇಕು; ಹಳೆಯ ಪದವು ಬಲಾತ್ಕಾರಕ್ಕೆ ನೆಪವಾಗಬಾರದು ಎಂಬುದು ಅದರ ಆಶಯ. ಆಶಯವು ಶುದ್ಧವಾದುದೇ ಇರಬಹುದು. ಹೆಸರು ಬದಲಾದ ಮೇಲೆ ಕೃತ್ಯ ಬದಲಾಯಿತೇ ಎಂಬುದನ್ನು ಗಡಿನಾಡಿನಲ್ಲಿಯೇ ನೋಡಬೇಕು.

ಆಕೊಮಾ ಬಂಡೆಯ ಮೇಲೆ

ಇಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇರಿರುವ ನ್ಯೂ ಮೆಕ್ಸಿಕೊ ಅಂದು ಸ್ಪೇನಿನ ಉತ್ತರದ ತುತ್ತತುದಿಯ ಗಡಿಯಾಗಿತ್ತು. ಅಲ್ಲಿ ರಿಯೊ ಗ್ರಾಂದೆ ನದಿಯ ಆಸುಪಾಸಿನಲ್ಲಿ ಮಣ್ಣು ಮತ್ತು ಕಲ್ಲಿನ ಮಹಡಿಮನೆಗಳ ಹಳ್ಳಿಗಳಲ್ಲಿ ವಾಸಿಸಿ, ಮೆಕ್ಕೆಜೋಳವನ್ನು ಬೆಳೆಯುತ್ತ, ಹತ್ತಿಯ ಕಂಬಳಿ ನೇಯುತ್ತ ಬಾಳಿದ ಜನರನ್ನು ಸ್ಪೇನಿನವರು ‘ಪ್ವೆಬ್ಲೊ’ ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಊರೆಂದು ಅರ್ಥ.

ಬೆಳ್ಳಿಯ ಗಣಿಗಳಿಂದ ಸಿರಿವಂತವಾದ ಮನೆತನದ ಹುವಾನ್ ದೆ ಓನ್ಯಾತೆ ಎಂಬವನು 1595ರಲ್ಲಿ ವೈಸರಾಯ್‌ನೊಡನೆ ಕರಾರು ಮಾಡಿಕೊಂಡು, ಸ್ವಂತ ಖರ್ಚಿನಿಂದ ಈ ನಾಡಿನಲ್ಲಿ ನೆಲೆ ಸ್ಥಾಪಿಸಲು ಒಪ್ಪಿದನು. ಕರಾರು 1573ರ ಆಜ್ಞಾವಳಿಯನ್ನೇ ಅನುಸರಿಸಿತ್ತು. ಹೊರಡುವ ಮೊದಲು ಸರಕಾರಿ ತನಿಖಾಧಿಕಾರಿಯು ಬಂದು ಬಂಡಿ, ದನಕುರಿ, ಕುದುರೆಯ ಲಾಳ, ಮೊಳೆ, ಔಷಧಿಗಳವರೆಗೆ ಎಲ್ಲವನ್ನೂ ಎಣಿಸಿ ಪಟ್ಟಿ ಮಾಡಿದನು. 129 ಮಂದಿ ಸೈನಿಕರ ಹೆಸರು ದಾಖಲಾಯಿತು. ಕರಾರಿಗಿಂತ ಒಂದು ಲಾಳ ಕಡಿಮೆಯಾದರೂ ಗೊತ್ತಾಗುವಷ್ಟು ಸೂಕ್ಷ್ಮವಾದ ಲೆಕ್ಕವದು.

1598ರ ಏಪ್ರಿಲ್ 30ರಂದು ನದಿಯ ದಂಡೆಯಲ್ಲಿ ಓನ್ಯಾತೆಯು ದೊರೆಯ ಹೆಸರಿನಲ್ಲಿ ಇಡೀ ನಾಡನ್ನು ವಶಕ್ಕೆ ತೆಗೆದುಕೊಂಡನು. ಕಾಡಿನ ಎಲೆಯಿಂದ ಹಿಡಿದು ಹೊಳೆಯ ಮರಳಿನವರೆಗೆ ಎಲ್ಲವೂ, ಜನರ ಜೀವನ್ಮರಣಗಳ ಮೇಲಿನ ಅಧಿಕಾರವೂ ಆ ಪತ್ರದಲ್ಲಿ ಸೇರಿತ್ತು. ಪ್ವೆಬ್ಲೊ ಹಳ್ಳಿಗಳಿಗೆ ಅವನು ತಲುಪುವುದಕ್ಕೆ ಇನ್ನೂ ಕೆಲವು ವಾರಗಳು ಉಳಿದಿದ್ದವು. ಮುಂದೆ ಹಳ್ಳಿಯಿಂದ ಹಳ್ಳಿಗೆ ಹೋಗಿ, ದುಭಾಷಿಗಳ ಮೂಲಕ ಮುಖಂಡರಿಂದ ವಿಧೇಯತೆಯ ಪ್ರತಿಜ್ಞೆಯನ್ನು ಪಡೆದು, ಪ್ರತಿಯೊಂದಕ್ಕೂ ಪತ್ರ ಬರೆಸಲಾಯಿತು. ಸುಮಾರು 350 ಅಡಿ ಎತ್ತರದ ಕಡಿದಾದ ಬಂಡೆಯ ಮೇಲಿರುವ ಆಕೊಮಾ ಊರಿನ ಪ್ರತಿಜ್ಞೆಯ ದಿನಾಂಕ 1598ರ ಅಕ್ಟೋಬರ್ 27. ತಾವು ಯಾವುದಕ್ಕೆ ಒಪ್ಪಿದೆವೆಂದು ಆ ಊರಿನವರು ತಿಳಿದರೋ ಪತ್ರ ಹೇಳುವುದಿಲ್ಲ. ಒಪ್ಪಿದರೆಂದು ಮಾತ್ರ ಹೇಳುತ್ತದೆ.

ಡಿಸೆಂಬರ್ ತಿಂಗಳಲ್ಲಿ ಓನ್ಯಾತೆಯ ಸೋದರಳಿಯ ಹುವಾನ್ ದೆ ಸಾಲ್ದಿವಾರ್ ತನ್ನ ತುಕಡಿಯೊಡನೆ ಆಕೊಮಾಕ್ಕೆ ಬಂದು ದಾರಿಗೆ ಹಿಟ್ಟು ಬೇಕೆಂದನು. ಚಳಿಗಾಲದ ದಾಸ್ತಾನಿನಿಂದ ಕೇಳಿದಷ್ಟನ್ನು ಕೊಡಲು ಊರಿನವರು ಹಿಂಜರಿದರು. ಜಗಳ ಹುಟ್ಟಿ ಡಿಸೆಂಬರ್ 4ರಂದು ಸಾಲ್ದಿವಾರನೂ ಅವನ ಕಡೆಯ ಹತ್ತಕ್ಕೂ ಹೆಚ್ಚು ಮಂದಿಯೂ ಹತರಾದರು.

ಪ್ರತೀಕಾರಕ್ಕೆ ಹೊರಡುವ ಮೊದಲು ಓನ್ಯಾತೆಯು ಕ್ರಮ ತಪ್ಪಲಿಲ್ಲ. ನ್ಯಾಯಯುದ್ಧಕ್ಕೆ ಬೇಕಾದ ಲಕ್ಷಣಗಳೇನು, ಸೋತವರ ದೇಹ ಮತ್ತು ಸೊತ್ತನ್ನು ಏನು ಮಾಡಬಹುದು ಎಂದು ಜೊತೆಯಲ್ಲಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳನ್ನು ಕೇಳಿ ಲಿಖಿತ ಅಭಿಪ್ರಾಯವನ್ನು ಪಡೆದನು. ಹತನಾದವನ ತಮ್ಮ ವಿಸೆಂತೆ ದೆ ಸಾಲ್ದಿವಾರನನ್ನೇ ದಂಡನಾಯಕನನ್ನಾಗಿ ನೇಮಿಸಿ, ಮೊದಲು ಶಾಂತಿಗೆ ಕರೆ ಕೊಡಬೇಕೆಂದು ಲಿಖಿತ ಸೂಚನೆಯನ್ನು ನೀಡಿದನು. ಸುಮಾರು 70 ಮಂದಿ ಸೈನಿಕರು 1599ರ ಜನವರಿಯ ಮೂರನೆಯ ವಾರದಲ್ಲಿ ಬಂಡೆಯನ್ನು ಮುಟ್ಟಿದರು. ಮೂರು ಸಲ ಕರೆ ಕೊಟ್ಟುದು ದಾಖಲಾಯಿತು. ಅನಂತರ ನಡೆದ ಯುದ್ಧದಲ್ಲಿ ಹತರಾದವರ ಸಂಖ್ಯೆ ಸುಮಾರು 800 ಎಂದು ಗಣಿಸಲಾಗಿದೆ. ಸುಮಾರು 80 ಮಂದಿ ಗಂಡಸರೂ 500 ಮಂದಿ ಹೆಂಗಸರು ಮಕ್ಕಳೂ ಸೆರೆಯಾದರು.

ಸೆರೆಯಾಳುಗಳ ವಿಚಾರಣೆಯೂ ನಡೆಯಿತು. ಅವರ ಪರವಾಗಿ ವಾದಿಸಲು ಸ್ಪೇನಿನವರೊಳಗಿನ ಅಲೊನ್ಸೊ ಗೋಮೆಸ್ ಮೊಂತೆಸಿನೊಸ್ ಎಂಬವನನ್ನು ವಕೀಲನಾಗಿ ನೇಮಿಸಲಾಯಿತು. ಅವನು ದಯೆ ತೋರಬೇಕೆಂದು ಕೋರಿದನು. ಸೆರೆಯಾಳುಗಳ ಹೇಳಿಕೆಗಳನ್ನು ಬರೆದುಕೊಳ್ಳಲಾಯಿತು. ಬಂದವರು ಅಷ್ಟೊಂದು ದವಸ ಕಂಬಳಿಗಳನ್ನು ಕೇಳಿದುದರಿಂದಲೇ ಕಲಹವಾಯಿತೆಂಬ ಮಾತು ಆ ಹೇಳಿಕೆಗಳಲ್ಲಿ ಉಳಿದುಬಂದಿದೆ. 1599ರ ಫೆಬ್ರವರಿ 12ರಂದು ಓನ್ಯಾತೆಯು ತೀರ್ಪು ಕೊಟ್ಟನು. ಇಪ್ಪತ್ತೈದು ದಾಟಿದ ಗಂಡಸರಿಗೆ ಒಂದು ಪಾದವನ್ನು ಕತ್ತರಿಸಿ ಇಪ್ಪತ್ತು ವರ್ಷಗಳ ದಾಸ್ಯ. ಹನ್ನೆರಡರಿಂದ ಇಪ್ಪತ್ತೈದರವರೆಗಿನ ಗಂಡಸರಿಗೂ ಹನ್ನೆರಡು ದಾಟಿದ ಹೆಂಗಸರಿಗೂ ಇಪ್ಪತ್ತು ವರ್ಷಗಳ ದಾಸ್ಯ. ಅದಕ್ಕೂ ಚಿಕ್ಕ ಮಕ್ಕಳು ನಿರ್ದೋಷಿಗಳೆಂದು ತೀರ್ಪೇ ಒಪ್ಪಿಕೊಂಡಿತು; ಆದರೂ ಅವರನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಹೆಣ್ಣುಮಕ್ಕಳನ್ನು ಸಂನ್ಯಾಸಿಗಳ ಮುಖ್ಯಸ್ಥನಿಗೂ ಗಂಡುಮಕ್ಕಳನ್ನು ವಿಸೆಂತೆ ದೆ ಸಾಲ್ದಿವಾರನಿಗೂ ಒಪ್ಪಿಸಲಾಯಿತು. ಆ ದಿನ ಊರಿನಲ್ಲಿ ಸಿಕ್ಕಿದ ಇಬ್ಬರು ಹೋಪಿ ಜನಾಂಗದವರ ಬಲಗೈ ಕತ್ತರಿಸಿ, ಎಚ್ಚರಿಕೆಯ ಗುರುತಾಗಿ ಅವರ ನಾಡಿಗೆ ಕಳುಹಿಸುವಂತೆ ಆಜ್ಞೆಯಾಯಿತು. ಪಾದಚ್ಛೇದದ ಶಿಕ್ಷೆಗೆ ಗುರಿಯಾದವರು 24 ಮಂದಿ. ಕತ್ತರಿಸಿದ್ದು ಪಾದವನ್ನೇ ಅಥವಾ ಬೆರಳುಗಳನ್ನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ತೀರ್ಪಿನ ಕ್ರೌರ್ಯದ ಬಗ್ಗೆ ಚರ್ಚೆಗೆ ಅವಕಾಶವಿಲ್ಲ.

ಅಭಿಪ್ರಾಯ ಪಡೆದುದಾಯಿತು, ಕರೆ ಕೊಟ್ಟುದಾಯಿತು, ವಕೀಲನ ನೇಮಕವಾಯಿತು, ಸಾಕ್ಷ್ಯ ದಾಖಲಾಯಿತು. ವಿಧಿಗಳಲ್ಲಿ ಒಂದೂ ತಪ್ಪಲಿಲ್ಲ. ದಂಡಿಸುವವನೂ ನ್ಯಾಯಾಧೀಶನೂ ಹತನಾದವನ ಬಂಧುವೂ ಒಬ್ಬನೇ ಆಗಿದ್ದನೆಂಬುದು ಮಾತ್ರ ಯಾವ ವಿಧಿಗೂ ತೊಡಕಾಗಲಿಲ್ಲ.

ಒಳಗಿನವರ ದನಿ

ಈ ಕಡತಗಳು ಇಲ್ಲಿಗೇ ನಿಂತಿದ್ದರೆ ಅಧಿಕಾರದ ಆತ್ಮಸ್ತುತಿಯಷ್ಟೇ ಉಳಿಯುತ್ತಿತ್ತು. ಆದರೆ ಎರಡು ವರ್ಷಗಳಲ್ಲಿ ವಸಾಹತಿನ ಒಳಗಿನಿಂದಲೇ ಬೇರೆ ಬಗೆಯ ಪತ್ರಗಳು ಹೊರಟವು. 1601ರ ಮಾರ್ಚಿಯಲ್ಲಿ ಲೂಯಿಸ್ ದೆ ವೆಲಾಸ್ಕೊ ಎಂಬ ಸೇನಾಧಿಕಾರಿಯು, ಕೊರೆಯುವ ಚಳಿಯಲ್ಲಿ ಹೆಂಗಸರ ಮೈಮೇಲಿನ ಕಂಬಳಿಯನ್ನೂ ಕಾಣಿಕೆಯೆಂದು ಕಿತ್ತುಕೊಳ್ಳುವುದನ್ನು ಬರೆದನು. ಅದೇ ವರ್ಷದ ಅಕ್ಟೋಬರ್ 1ರಂದು ಸಂನ್ಯಾಸಿಗಳ ಮುಖ್ಯಸ್ಥ ಹುವಾನ್ ದೆ ಎಸ್ಕಲೋನಾ ವೈಸರಾಯ್‌ಗೆ ಪತ್ರ ಬರೆದನು. ಬರಗಾಲಕ್ಕೆಂದು ಪ್ವೆಬ್ಲೊ ಜನರು ಹಲವು ವರ್ಷಗಳಿಂದ ಕೂಡಿಟ್ಟಿದ್ದ ಜೋಳವನ್ನು ಸೈನಿಕರು ಬರಿದುಮಾಡಿದುದನ್ನೂ, ಜನ ಹಸಿವಿನಿಂದ ಸಾಯುತ್ತಿರುವುದನ್ನೂ, ಇಂತಹ ನಡತೆಯನ್ನು ಕಂಡವರಿಗೆ ತಮ್ಮ ಬೋಧನೆ ರುಚಿಸದೆಂಬುದನ್ನೂ ಅವನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಆ ಸಾಹಸದಿಂದ ಅವನಿಗೆ ಸಿಗುವ ಲಾಭವೇನೂ ಇರಲಿಲ್ಲ. ಮೆಕ್ಸಿಕೊ ನಗರದಲ್ಲಿಯೂ ಅದೇ ವರ್ಷ ಅಧಿಕೃತ ವಿಚಾರಣೆ ನಡೆದು ಸಾಕ್ಷಿಗಳ ಹೇಳಿಕೆಗಳು ದಾಖಲಾದವು.

ಓನ್ಯಾತೆಯು 1607ರಲ್ಲಿ ರಾಜೀನಾಮೆ ಸಲ್ಲಿಸಿದನು. 1614ರಲ್ಲಿ ಮೆಕ್ಸಿಕೊ ನಗರದಲ್ಲಿ ಅವನ ಮೇಲಿನ ಆರೋಪಗಳ ತೀರ್ಪು ಹೊರಬಿದ್ದಿತು. ಆಕೊಮಾದಲ್ಲಿ ತೋರಿದ ಅತಿರೇಕವೂ ಸೇರಿ ಹಲವು ಆರೋಪಗಳು ಸಿದ್ಧವಾದವು. ನ್ಯೂ ಮೆಕ್ಸಿಕೊದಿಂದ ಶಾಶ್ವತ ಗಡೀಪಾರು, ಮೆಕ್ಸಿಕೊ ನಗರದಿಂದ ನಾಲ್ಕು ವರ್ಷಗಳ ಗಡೀಪಾರು ಮತ್ತು 6,000 ದುಕಾತ್ ದಂಡ ಅವನಿಗಾದ ಶಿಕ್ಷೆ. ಸಾಮ್ರಾಜ್ಯವು ತನ್ನ ಅಧಿಕಾರಿಯನ್ನೇ ದಂಡಿಸಿತೆಂಬುದು ಸಣ್ಣ ಮಾತಲ್ಲ. ಆದರೆ ಹದಿನೈದು ವರ್ಷಗಳ ಹಿಂದೆ ಕತ್ತರಿಸಿದ ಅಂಗವನ್ನಾಗಲಿ, ಬೇರ್ಪಟ್ಟ ಮಕ್ಕಳ ಬಾಲ್ಯವನ್ನಾಗಲಿ ಆ ದಂಡವು ಹಿಂದಿರುಗಿಸಲಿಲ್ಲ. ಅವನು ಸ್ಥಾಪಿಸಿದ ವ್ಯವಸ್ಥೆಯೂ ಅಲ್ಲಿಯೇ ಮುಂದುವರಿಯಿತು. ವ್ಯಕ್ತಿಯನ್ನು ದಂಡಿಸಿ ಅವನ ಕೃತ್ಯದ ಫಲವನ್ನು ತಾನು ಉಳಿಸಿಕೊಳ್ಳುವುದು ಅಧಿಕಾರದ ಹಳೆಯ ಚಾಳಿ.

ಎಂಬತ್ತು ವರ್ಷಗಳ ಲೆಕ್ಕ

ಮುಂದಿನ ಏಳು ದಶಕಗಳ ಕಡತಗಳಲ್ಲಿ ರಾಜ್ಯಪಾಲರೂ ಸಂನ್ಯಾಸಿಗಳೂ ಒಬ್ಬರನ್ನೊಬ್ಬರು ದೂಷಿಸುತ್ತಾರೆ. ಮೂಲನಿವಾಸಿಗಳನ್ನು ದುಡಿಸಿ ಹಣ ಮಾಡುತ್ತಿರುವರೆಂದು ಇವರು ಅವರ ಮೇಲೂ, ಅವರು ಇವರ ಮೇಲೂ ದೂರು ಬರೆದರು. ಇಬ್ಬರ ದೂರುಗಳಿಂದ ತಿಳಿದುಬರುವುದು ದುಡಿದವರ ಅವಸ್ಥೆ. ಪ್ವೆಬ್ಲೊ ಜನಸಂಖ್ಯೆ ಸಿಡುಬು ಮುಂತಾದ ರೋಗಗಳಿಂದ 60,000ದಿಂದ 40,000ಕ್ಕೆ ಇಳಿದಿದೆಯೆಂದು 1638ರಲ್ಲಿ ಸಂನ್ಯಾಸಿಯೊಬ್ಬನು ವರದಿ ಮಾಡಿದನು. 1661ರಲ್ಲಿ ಪ್ವೆಬ್ಲೊ ಜನರ ಧಾರ್ಮಿಕ ನೃತ್ಯಗಳನ್ನು ನಿಷೇಧಿಸಿ, ಪೂಜೆಗೆ ಬಳಸುತ್ತಿದ್ದ ಸುಮಾರು 1,600 ಮುಖವಾಡಗಳನ್ನು ವಶಪಡಿಸಿಕೊಂಡು ನಾಶಮಾಡಲಾಯಿತು. 1669ರ ಪತ್ರವೊಂದು ಮೂರು ವರ್ಷ ಬೆಳೆಯೇ ಕೈಗೆ ಬರಲಿಲ್ಲವೆಂದೂ, ಹಿಂದಿನ ವರ್ಷ ದಾರಿಗಳಲ್ಲಿ, ಕಂದರಗಳಲ್ಲಿ, ಗುಡಿಸಲುಗಳಲ್ಲಿ ಜನ ಹಸಿದು ಸತ್ತುಬಿದ್ದಿದ್ದರೆಂದೂ, ಒಂದೇ ಊರಿನಲ್ಲಿ 450ಕ್ಕೂ ಹೆಚ್ಚು ಮಂದಿ ಸತ್ತರೆಂದೂ ಹೇಳುತ್ತದೆ. 1675ರಲ್ಲಿ 47 ಮಂದಿ ಪ್ವೆಬ್ಲೊ ಧಾರ್ಮಿಕ ಪುರುಷರನ್ನು ಮಾಟದ ಆರೋಪದ ಮೇಲೆ ಬಂಧಿಸಿ ಚಾಟಿಯಿಂದ ಹೊಡೆಸಲಾಯಿತು, ಕೆಲವರನ್ನು ಗಲ್ಲಿಗೇರಿಸಲಾಯಿತು. ಹೊಡೆತ ತಿಂದವರಲ್ಲಿ ಪೊಪೇ ಎಂಬವನೂ ಒಬ್ಬ.

1680ರ ಆಗಸ್ಟ್ 10ರಂದು, ಗಂಟು ಹಾಕಿದ ಹುರಿಗಳನ್ನು ಊರೂರಿಗೆ ಕಳುಹಿಸಿ ದಿನ ಗೊತ್ತುಮಾಡಿಕೊಂಡಿದ್ದ ಪ್ವೆಬ್ಲೊ ಜನರು ಪೊಪೇಯ ನಾಯಕತ್ವದಲ್ಲಿ ಒಟ್ಟಾಗಿ ಎದ್ದರು. 21 ಮಂದಿ ಸಂನ್ಯಾಸಿಗಳೂ ಸೇರಿ ಸುಮಾರು 400 ಮಂದಿ ಸ್ಪೇನಿನವರು ಹತರಾದರು. ಅವರಲ್ಲಿ ಯಾರಿಗೂ ಕೇಡು ಬಗೆಯದ ಹೆಂಗಸರು ಮಕ್ಕಳೂ ಇದ್ದರು. ಹಿಂಸೆಗೆ ಹಿಂಸೆಯೇ ಉತ್ತರವಾದಾಗ ಸಾಲ ಮಾಡಿದವನೇ ಸಾಲ ತೀರಿಸುವನೆಂಬ ನಿಯಮವಿರುವುದಿಲ್ಲ. ಉಳಿದ ಸುಮಾರು ಎರಡು ಸಾವಿರ ಮಂದಿ ದಕ್ಷಿಣಕ್ಕೆ ಓಡಿದರು.

ಸೋತು ಹಿಮ್ಮೆಟ್ಟುತ್ತಿದ್ದ ರಾಜ್ಯಪಾಲ ಆಂತೋನಿಯೊ ದೆ ಓತೆರ್ಮಿನ್ ಆಗಲೂ ನೋಟರಿಯನ್ನು ಬಿಡಲಿಲ್ಲ. ದಾರಿಯಲ್ಲಿ ಸಿಕ್ಕಿದ ಪೆದ್ರೊ ನಾನ್ಬೋವಾ ಎಂಬ ಎಂಬತ್ತು ದಾಟಿದ ವೃದ್ಧನನ್ನು ಸೆಪ್ಟೆಂಬರ್ 6ರಂದು ಪ್ರಮಾಣ ಮಾಡಿಸಿ, ದಂಗೆಯ ಕಾರಣವೇನೆಂದು ಕೇಳಿಸಿದನು. ಈ ನಾಡು ಸ್ಪೇನಿನ ವಶವಾದಂದಿನಿಂದಲೂ ಜನರ ಎದೆಯಲ್ಲಿ ಕೋಪ ನೆಲೆಸಿದೆ, ಸಂನ್ಯಾಸಿಗಳೂ ಅಧಿಕಾರಿಗಳೂ ತಮ್ಮ ಪೂಜೆಯ ವಸ್ತುಗಳನ್ನು ಕಿತ್ತುಕೊಂಡರು, ಇದನ್ನು ತನಗೆ ತಿಳಿವು ಬಂದಂದಿನಿಂದ ಕೇಳುತ್ತ ಬಂದಿದ್ದೇನೆ ಎಂಬುದು ಆ ವೃದ್ಧನ ಉತ್ತರದ ತಾತ್ಪರ್ಯ. ಎಂಬತ್ತು ದಾಟಿದವನೆಂದರೆ ಓನ್ಯಾತೆಯು ಬಂದ ಕಾಲಕ್ಕೆ ಅವನು ಕೂಸಾಗಿದ್ದಿರಬೇಕು. ಆ ಆಳ್ವಿಕೆಯ ಪೂರ್ಣಾಯುಷ್ಯವನ್ನು ಕಂಡ ಒಬ್ಬ ಸಾಮಾನ್ಯನ ಸಾಕ್ಷ್ಯವನ್ನು ಆ ಆಳ್ವಿಕೆಯ ಲೇಖನಿಯೇ ಬರೆದುಕೊಂಡಿತು.

1692ರಲ್ಲಿ ಸ್ಪೇನಿನವರು ಮರಳಿದರು. ಆದರೆ ಎಂಕೊಮಿಯೆಂದಾ ಪದ್ಧತಿಯು ಅಲ್ಲಿ ಮತ್ತೆ ನೆಲೆಯೂರಲಿಲ್ಲ. ಮುಂದಿನ ಶತಮಾನದಲ್ಲಿ ಪ್ವೆಬ್ಲೊ ಹಳ್ಳಿಗಳು ತಮ್ಮ ಜಮೀನಿನ ರಕ್ಷಣೆಗಾಗಿ ಅದೇ ಸ್ಪೇನಿನ ಕಾನೂನಿನಡಿ ಅರ್ಜಿ ಸಲ್ಲಿಸತೊಡಗಿದವು. ಕಾಗದವು ಬಲಹೀನನ ಕೈಗೆ ಬಂದಾಗ ಅದು ಅವನಿಗೂ ಆಸರೆಯಾದುದುಂಟು.

ಕಡತದ ಆಚೆ

ಆಕೊಮಾ ಅಳಿಯಲಿಲ್ಲ. ದಾಸ್ಯದಿಂದ ತಪ್ಪಿಸಿಕೊಂಡವರು ಮರಳಿ ಬಂಡೆಯ ಮೇಲೆ ಮನೆ ಕಟ್ಟಿದರು. ಇಂದಿಗೂ ಅಲ್ಲಿ ಜನವಸತಿಯಿದೆ. ಓನ್ಯಾತೆಯ ಆಗಮನಕ್ಕೆ ನಾನೂರು ವರ್ಷ ತುಂಬಿದ 1998ರ ಸುಮಾರಿಗೆ, ಅವನ ಕಂಚಿನ ಅಶ್ವಾರೂಢ ಪ್ರತಿಮೆಯೊಂದರ ಬಲಪಾದವನ್ನು ಯಾರೋ ರಾತ್ರಿವೇಳೆ ಕತ್ತರಿಸಿ ಒಯ್ದರು. 2020ರಲ್ಲಿ ಆ ಪ್ರತಿಮೆಯನ್ನೇ ಅಲ್ಲಿಂದ ತೆಗೆಯಲಾಯಿತು. ನಾಲ್ಕು ಶತಮಾನಗಳ ಹಿಂದಿನ ತೀರ್ಪೊಂದು ಜನಮನದಲ್ಲಿ ಇನ್ನೂ ಹಸಿಯಾಗಿರುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಗದವು ಕಾರ್ಯ ಕ್ರಮದಂತೆ ನಡೆಯಿತೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲುದು. ಆ ಕಾರ್ಯ ಸರಿಯೇ ಎಂಬ ಪ್ರಶ್ನೆಗೆ ಮನುಷ್ಯನೇ ಉತ್ತರ ಕೊಡಬೇಕು. ಆಕೊಮಾದ ತೀರ್ಪಿಗೆ ಸಹಿ ಹಾಕಿದವರು ಮೊದಲ ಪ್ರಶ್ನೆಯಲ್ಲಿಯೇ ತೃಪ್ತರಾದರು. ವೆಲಾಸ್ಕೊ, ಎಸ್ಕಲೋನಾರಂಥವರು ಎರಡನೆಯದನ್ನೂ ಕೇಳಿಕೊಂಡರು. ಅವರ ಪತ್ರಗಳು ಅಂದಿನ ಅನ್ಯಾಯವನ್ನು ತಡೆಯಲಿಲ್ಲವಾದರೂ ಅದು ನ್ಯಾಯವೆಂಬ ಹೆಸರಿನಲ್ಲಿ ಉಳಿಯಲು ಬಿಡಲಿಲ್ಲ. ಸಂಸ್ಥೆ ಸಣ್ಣದಿರಲಿ ದೊಡ್ಡದಿರಲಿ, ನಡವಳಿ ಪುಸ್ತಕಕ್ಕೆ ಸಹಿ ಬೀಳುವ ಮುನ್ನ ಆ ಎರಡನೆಯ ಪ್ರಶ್ನೆಯನ್ನು ಎತ್ತುವ ಒಬ್ಬನಾದರೂ ಅಲ್ಲಿ ಇರಬೇಕು. ಅವನ ಮಾತಿಗೆ ಕಿವಿಗೊಡುವವರೂ ಇರಬೇಕು.